ಹೆಬ್ಬಳ್ಳಿಯ ಆಂಟೆನಾ, ಮಾಳಮಡ್ಡಿಯ ಹೆಬ್ಬೆರಳು

ನಮ್ಮಪ್ಪನ ಲೆಕ್ಕದಲ್ಲಿ ಕೆನಡಾ ಇದ್ದದ್ದು ಉತ್ತರ ದಿಕ್ಕಿಗೆ. ಎಂಟನೇ ಇಯತ್ತೆಯ ಪರೀಕ್ಷೆಯಲ್ಲಿ ನಾನು ಅದನ್ನೇ ಬರೆದು, ಮಾಸ್ತರರ ಕೈಲಿ ಕೆಂಪು ಗೆರೆ ಹೊಡೆಸಿಕೊಂಡು, ಸಿಟ್ಟಿನಿಂದ ಮನೆಗೆ ಬಂದು ಹಾಳೆಯನ್ನು ಅವನ ಮುಂದೆ ಒಗೆದೆ. ಗೋಡೆಯ ನಕಾಶೆಯಲ್ಲಿ ಕೆನಡಾ ಎಡಗಡೆಯ ಮೂಲೆಯಲ್ಲಿ ಕುಳಿತಿರುತ್ತದೆ, ಅಂದರೆ ಪಶ್ಚಿಮಕ್ಕೆ, ಬಾಲವಾಡಿಯ ಕೂಸಿಗೂ ಇದು ಗೊತ್ತು ಎಂದು ಹಾರಾಡಿದೆ. ಅಪ್ಪ ಬೈಯಲಿಲ್ಲ. ಅವ್ವನ ಹೊಲಿಗೆ ಡಬ್ಬಿಯಿಂದ ಕಪ್ಪು ದಾರ ತೆಗೆದ, ಕಪಾಟಿನ ಮೇಲಿನ ಸಣ್ಣ ಗ್ಲೋಬು ಇಳಿಸಿದ, ದಾರದ ಒಂದು ತುದಿಯನ್ನು ಧಾರವಾಡದ ಮೇಲೆ ಇಟ್ಟು ನನ್ನ ಬೆರಳಿನಿಂದ ಒತ್ತಿಸಿದ. ಇನ್ನೊಂದು ತುದಿಯನ್ನು ಕೆನಡಾದ ಪಡುವಣ ದಂಡೆಗೆ ಹಿಡಿದ.

"ಕಾಗದದ ಮ್ಯಾಗ ಭೂಮಿ ಚಪ್ಪಟಿ ಇರತೈತಿ. ಖರೇ ಭೂಮಿ ದುಂಡಗ ಐತಿ. ದಾರ ಬಿಗಿ ಹಿಡಿದು ನೋಡು, ಎತ್ತ ಹೋಗತೈತಿ."

ದಾರ ಹಿಮಾಲಯ ದಾಟಿತು, ಸೈಬೀರಿಯಾ ದಾಟಿತು, ಗ್ಲೋಬಿನ ನೆತ್ತಿಯ ಸ್ಕ್ರೂ ಪಕ್ಕದಲ್ಲೇ ಹಾದು ಆ ಕಡೆ ಇಳಿಯಿತು. ನಾನು ದಾರ ಸಡಿಲಿಸಿ ಮತ್ತೆ ಬಿಗಿಹಿಡಿದೆ, ಅದು ಮತ್ತೆ ಅಲ್ಲೇ ಹಾದಿತು. ಇಷ್ಟು ವರ್ಷವಾದರೂ ಆ ದಾರವನ್ನು ನೆನೆದರೆ ನನಗೆ ಬೆರಗಾಗುತ್ತದೆ. ಮಾಸ್ತರರು ಕೊಡದೆ ಬಿಟ್ಟ ಆ ಎರಡು ಅಂಕಗಳ ಬಗ್ಗೆ ಮಾತ್ರ ನನಗೆ ಇನ್ನೂ ಸಿಟ್ಟಿದೆ.

ಅಪ್ಪ ತಾರು ಕಚೇರಿಯಲ್ಲಿ ತಾರು, ಅಂದರೆ ಟೆಲಿಗ್ರಾಂ, ಕಳಿಸುವ ಕೆಲಸ ಮಾಡಿ ನಿವೃತ್ತನಾದವನು. ಇಡೀ ಹಗಲು ಕಟ್-ಕಡ ಎಂದು ತಾರಿನ ಕೀಲಿ ಬಡಿದು ಊರವರ ಸಾವು, ಹೆರಿಗೆ, ನೌಕರಿಗಳನ್ನು ಕಳಿಸಿ, ಸಂಜೆ ಮನೆಗೆ ಬಂದು ಮತ್ತೆ ಅದೇ ಕಟ್-ಕಡವನ್ನು ಸ್ವಂತ ಖುಷಿಗೆ ಬಡಿಯುತ್ತಿದ್ದ. ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿದ್ದ. ಸರಕಾರ ಕೊಟ್ಟ ಆರು ಅಕ್ಷರಗಳ ಒಂದು ಕರೆಹೆಸರು ಇತ್ತು ಅವನಿಗೆ. ಗಾಳಿಯಲ್ಲಿ ಅವನ ಗುರುತು ಅಷ್ಟೇ. ಅದರ ತಾಳ ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು. ಈ ಕಟ್-ಕಡದ ಮೋರ್ಸ್ ಭಾಷೆ ಬಾರದ ಅವ್ವ ಕೂಡ ರೊಟ್ಟಿ ಬಡಿಯುವಾಗ ಅದೇ ತಾಳದಲ್ಲಿ ಬಡಿಯುತ್ತಿದ್ದಳು, ತನಗೆ ಗೊತ್ತಿಲ್ಲದೆ.

ಆ ಕರೆಹೆಸರಿನ ಮೇಲೆ ಅಪ್ಪನಿಗೆ ಯಾಕಷ್ಟು ಜೀವ ಎಂದು ತಿಳಿಯಬೇಕಾದರೆ ನಾವು ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆ ಮನೆ ಹುಡುಕಿದ ಕತೆ ಹೇಳಬೇಕು. ನಮ್ಮ ಕಡೆ ಹೆಸರು ಹೇಳಿದರೆ ಮಾತು ಮುಗಿಯುವುದಿಲ್ಲ. "ಅಡ್ಡಹೆಸರು ಏನ್ರಿ?" ಎಂದು ಕೇಳಿಯೇ ಕೇಳುತ್ತಾರೆ. ಅಪ್ಪ ಹೇಳುತ್ತಿದ್ದ. ಕೇಳಿದವರ ಮುಖ ಬದಲಾಗುತ್ತಿರಲಿಲ್ಲ, ಮನೆ ಮಾತ್ರ ಆಗಷ್ಟೇ ಬೇರೆಯವರಿಗೆ ಕೊಟ್ಟು ಆಗಿರುತ್ತಿತ್ತು. ಧಾರವಾಡದ ಮಾತು ಬಹಳ ಸೌಮ್ಯ ಎಂದು ಹೊಗಳುತ್ತಾರೆ. ಇಲ್ಲ ಎನ್ನುವುದನ್ನು ಇಷ್ಟು ಸೌಮ್ಯವಾಗಿ ಹೇಳುವ ಊರು ಇನ್ನೊಂದು ಇರಲಿಕ್ಕಿಲ್ಲ. ಐದನೆಯ ಮನೆಯಲ್ಲಿ, ರೈಲ್ವೆಯಿಂದ ನಿವೃತ್ತರಾದ ಒಬ್ಬರು ಅಡ್ಡಹೆಸರು ಕೇಳದೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಹೇಳಿ ಬೀಗದ ಕೈ ಕೊಟ್ಟರು. ಒಂದೇ ಕರಾರು. ಸಿಡಿಲಿಗೆ ಅವರು ಬಹಳ ಅಂಜುತ್ತಿದ್ದರು, ಆದ್ದರಿಂದ ಮಾಳಿಗೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಬಾರದು. ನಾವು ಪಡಸಾಲೆಯಲ್ಲಿ ಬುದ್ಧನ ಪಟ ಹಾಕಿದೆವು. ಆಂಟೆನಾ ಹೆಬ್ಬಳ್ಳಿಗೆ ಹೋಯಿತು.

ಹೆಬ್ಬಳ್ಳಿಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಹೊಲಮನೆ ನೋಡಿಕೊಂಡಿದ್ದ. ಅವನದು ಮೇಲ್ಮುದ್ದೆಯ, ಅಂದರೆ ಮಣ್ಣಿನ ಚಪ್ಪಟೆ ಮಾಳಿಗೆಯ, ಮನೆ. ಒಳಗೆ ಬೆಳಕು ಬರಲೆಂದು ಮಾಳಿಗೆಯಲ್ಲಿ ತಾಟಿನಷ್ಟು ಅಗಲದ ಬೆಳಕಿಂಡಿ ಇರುತ್ತದಲ್ಲ, ಅದರ ಮೂಲಕ ಅಪ್ಪ ಒಂದು ಉದ್ದನೆಯ ಕಬ್ಬಿಣದ ಪೈಪನ್ನು ಕೋಣೆಯೊಳಗೆ ಇಳಿಸಿದ್ದ. ಪೈಪಿನ ಮೇಲಿನ ತುದಿಯಲ್ಲಿ ಮೂರು ಅಡ್ಡ ಕೊಳವೆಗಳ ಆಂಟೆನಾ. ಟೀವಿ ಆಂಟೆನಾದ ದೊಡ್ಡಪ್ಪ ಎಂದು ತಿಳಿದುಕೊಳ್ಳಿ. ಅದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ದನಿಯನ್ನೇ ಹೆಚ್ಚು ಹಿಡಿಯುತ್ತದೆ. ಕೆಳಗಿನ ತುದಿಗೆ ಬೀಸುವ ಕಲ್ಲಿನ ಗೂಟದಂಥ ಒಂದು ಹಿಡಿಕೆ. ಪ್ರತಿ ಆಯ್ತವಾರ ಬೆಳಗ್ಗೆ ಅಪ್ಪ ಮೊಪೆಡ್ಡಿನಲ್ಲಿ ಹೆಬ್ಬಳ್ಳಿಗೆ ಹೋಗಿ, ಕೋಣೆಯಲ್ಲಿ ಕುಳಿತು, ಎಡಗೈಯಲ್ಲಿ ಜಗತ್ತನ್ನು ತಿರುಗಿಸುತ್ತ ಬಲಗೈಯಲ್ಲಿ ಕೀಲಿ ಬಡಿಯುತ್ತಿದ್ದ.

ಬೆಳಗ್ಗೆ ಏಳಕ್ಕೆ ಅವನಿಗೆ ಒಬ್ಬರು ಗೆಳೆಯರು ಸಿಗುತ್ತಿದ್ದರು. ಕೆನಡಾದ ಪಡುವಣ ದಂಡೆಯ ಒಬ್ಬ ನಿವೃತ್ತ ತಾರಿನವರು. ಅಪ್ಪ ಅವರ ಮುಖ ನೋಡಿದವನಲ್ಲ, ದನಿ ಕೇಳಿದವನೂ ಅಲ್ಲ, ಬಡಿತ ಮಾತ್ರ ಗೊತ್ತು. ನಮಗೆ ಆಯ್ತವಾರ ಬೆಳಗಾದಾಗ ಅವರಿಗೆ ಇನ್ನೂ ಶನಿವಾರದ ಸಂಜೆ. ಹಾಗಾಗಿ ಮನೆಯಲ್ಲಿ ಅವರ ಹೆಸರು 'ಶನಿವಾರದವರು' ಎಂದೇ ಆಯಿತು. ನಿನ್ನೆಯಲ್ಲಿ ಕುಳಿತ ಮನುಷ್ಯನೊಬ್ಬ ಇವತ್ತಿನಲ್ಲಿ ಕುಳಿತ ನಮ್ಮಪ್ಪನಿಗೆ ಅಲ್ಲಿಯ ಹವೆ ಹೇಳುತ್ತಾನೆ, ನಮ್ಮಪ್ಪ ಜೋಳ ತೆನೆಗೆ ಬಂದದ್ದು ಹೇಳುತ್ತಾನೆ. ಅವರು ಎಂದೂ ಅಪ್ಪನ ಅಡ್ಡಹೆಸರು ಕೇಳಲಿಲ್ಲ. ಅವರಿಗೆ ಅಂಥದೊಂದು ಪ್ರಶ್ನೆ ಇದೆಯೆಂದೇ ಗೊತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಡಿಪ್ಲೊಮಾ ಮುಗಿಸಿ ತಾರಿಹಾಳದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪಂಪಿನ ಮೋಟಾರು ರಿಪೇರಿಗೆ ಸೇರಿದ್ದೆ. ಆ ವರ್ಷದ ಮಳೆಗಾಲದಲ್ಲಿ ಹೆಬ್ಬಳ್ಳಿಯ ಎರೆಮಣ್ಣಿನ ದಾರಿಯಲ್ಲಿ ಅಪ್ಪನ ಮೊಪೆಡ್ ಜಾರಿತು. ಸೊಂಟದ ಎಲುಬು ಮುರಿಯಿತು. ರಾಡು ಹಾಕಿ ಮನೆಗೆ ಕಳಿಸಿದರು, ಜೊತೆಗೆ ನಾಲ್ಕು ಕಾಲಿನ ಒಂದು ವಾಕರ್. ಅಪ್ಪ ಮೊದಲ ದಿನ ಎರಡು ಹೆಜ್ಜೆ ಇಟ್ಟ. ನೋವಿಗೆ ಮುಖ ಬಿಳುಚಿತು. ಮತ್ತೆ ಹಾಸಿಗೆಗೆ ಹೋದವನು ಏಳಲಿಲ್ಲ. ದಿನವೂ ನಾಳೆ ಎನ್ನುತ್ತಿದ್ದ. ಗೋಡೆಗೆ ಮುಖ ಮಾಡಿ ಮಲಗುವುದು ಕಲಿತ. ತಿಂಗಳಾದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದು ನೇರವಾಗಿ ಹೇಳಿದರು, "ಎಲುಬು ಕೂಡೇತ್ರಿ. ಅಂಜಿಕಿ ಕೂತೈತಿ. ಇನ್ನೆರಡು ತಿಂಗಳದಾಗ ನಡೀಲಿಲ್ಲಂದ್ರ ಆಮ್ಯಾಲ ನಡಿಯಾಕ ಆಗೂದಿಲ್ಲ."

ನಾನು ಬೈದೆ, ಅವ್ವ ಅತ್ತಳು. ಅಪ್ಪ ಗೋಡೆ ನೋಡಿದ.

ಆಯ್ತವಾರದ ದನಿ ಕೇಳಿಸಿದರೆ ಏನಾದರೂ ಆದೀತು ಎಂದು ನನಗೆ ಹೊಳೆಯಿತು. ಕಾಕಾನ ಮನೆಗೂ ಆಗಷ್ಟೇ ಫೋನು ಬಂದಿತ್ತು. ಕಾಕಾ ರೇಡಿಯೊ ಹಚ್ಚಿ ಫೋನಿನ ರಿಸೀವರನ್ನು ಸ್ಪೀಕರಿನ ಮುಂದೆ ಹಿಡಿಯಬೇಕು, ಅಪ್ಪ ಹೇಳಿದಂತೆ ಪೈಪಿನ ಹಿಡಿಕೆ ತಿರುಗಿಸಬೇಕು. ಹಿಂದೆ ಟೀವಿ ಚಿತ್ರ ಸರಿಯಾಗಲು ಮನೆಮಂದಿಯೆಲ್ಲ ಮಾಳಿಗೆಗೂ ಪಡಸಾಲೆಗೂ ನಡುವೆ 'ಬಂತೇನು', 'ಬಂತು', 'ಹೋತು' ಎಂದು ಕೂಗಾಡುತ್ತಿದ್ದೆವಲ್ಲ, ಇದೂ ಅಷ್ಟೇ, ನಡುವೆ ಹತ್ತು ಮೈಲಿ ಎಂದುಕೊಂಡೆ.

ಅಪ್ಪನ ಕಿವಿಗೆ ಫೋನು ಹಿಡಿದೆ. ಅವನು ಬೇಸರದಲ್ಲೇ ಕೇಳಿದ, "ಉತ್ತರ ಬಂತೇನೋ?"

"ಎಲ್ಲೀ ಉತ್ತರ ಅಣ್ಣಾ?" ಎಂದ ಕಾಕಾ ಆ ಕಡೆಯಿಂದ. "ನೀ ಯಾರಿಗೆ ಪತ್ರ ಬರದಿದ್ದಿ? ಆಯ್ತವಾರ ಟಪಾಲಿನಾಂವ ಬರೂದಿಲ್ಲ."

ಹೊಲದಲ್ಲಿ ದುಡಿಯುವ ಕಾಕಾನಿಗೆ ದಿಕ್ಕುಗಳೆಂದರೆ ಮೂಡಣ, ಪಡುವಣ, ಬಡಗಣ, ತೆಂಕಣ. ಉತ್ತರವೆಂದರೆ ಪತ್ರಕ್ಕೆ ಬರುವುದು ಅಷ್ಟೇ. ನಾನು ನಕ್ಕೆ. ಅಪ್ಪ ನಗಲಿಲ್ಲ. "ಬಡಗಣಕ್ಕೋ" ಎಂದು ತಿದ್ದಿದ. ಕಾಕಾ ಬಲವಾದ ರೈತ. ಅಪ್ಪ ಒಂದು ಕೂದಲೆಳೆ ಎಂದರೆ ಅವನು ಒಂದು ಮೊಳ ತಿರುಗಿಸುತ್ತಿದ್ದ. ಗಾಳಿಯ ಸದ್ದು ಏರಿತು, ಇಳಿಯಿತು, ಏನೂ ಹತ್ತಲಿಲ್ಲ. ಐದು ನಿಮಿಷಕ್ಕೆ ಅಪ್ಪ ರಿಸೀವರನ್ನು ನನ್ನ ಕೈಗೆ ಕೊಟ್ಟು, "ಬ್ಯಾಡ ಬಿಡವ್ವಾ. ಮತ್ತೊಬ್ಬರ ಕೈಲೆ ತಿರುಗಿಸಿ ಕೇಳೂದಲ್ಲ ಇದು" ಎಂದು ಮತ್ತೆ ಗೋಡೆಯ ಕಡೆ ಹೊರಳಿದ.

ಹಾಗಾದರೆ ಅವನ ಕೈಯೇ ತಿರುಗಿಸಲಿ ಎಂದು ನನಗೆ ಹಟ ಬಂತು.

ಗುಜರಿಯಲ್ಲಿ ಒಂದು ಹಳೆಯ ಜೀಪಿನ ವೈಪರ್ ಮೋಟಾರು ಸಿಕ್ಕಿತು. ನಮ್ಮ ವರ್ಕ್‌ಶಾಪಿನ ಲೇಥ್ ಮಿಸ್ತ್ರಿ ಗೊಣಗುತ್ತ ಗೊಣಗುತ್ತ ಪೈಪಿಗೆ ಹೊಂದುವ ಒಂದು ಹಲ್ಲಿನ ಗಾಲಿ ಕಡೆದುಕೊಟ್ಟ. ಸ್ಕ್ರೂವಿನಂಥ ಒಂದು ಗೇರು ಆ ಗಾಲಿಯನ್ನು ಕಚ್ಚಿ ತಿರುಗಿಸುತ್ತದೆ. ಇದರ ಗುಣವೆಂದರೆ ಮೋಟಾರು ಪೈಪನ್ನು ತಿರುಗಿಸಬಲ್ಲದು, ಆದರೆ ಪೈಪನ್ನು ಗಾಳಿಗಾಗಲಿ ಮನುಷ್ಯನಿಗಾಗಲಿ ತಿರುಗಿಸಲು ಬರುವುದಿಲ್ಲ. ಹಿಡಿಕೆಗೆ ಇನ್ನು ಕೆಲಸವಿಲ್ಲವೆಂದು ಬಿಚ್ಚಿಬಿಟ್ಟೆ. ಕರೆಂಟು ಹೋದರೂ ನಡೆಯಲೆಂದು ಕಾಕಾನ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಜೋಡಿಸಿದೆ.

ಇನ್ನು ಹತ್ತು ಮೈಲಿ ಆಚೆಯಿಂದ ಇದಕ್ಕೆ ಹೇಳುವುದು ಹೇಗೆ? ಗುಂಡಿಯ ಫೋನಿನಲ್ಲಿ ಒಂದೊಂದು ಅಂಕಿ ಒತ್ತಿದಾಗ ಒಂದೊಂದು ರಾಗ ಬರುತ್ತದೆ. ಎರಡೆರಡು ಸ್ವರ ಕೂಡಿದ ರಾಗ, ಒಂದರಂತೆ ಇನ್ನೊಂದಿಲ್ಲ. ಆ ರಾಗ ಕೇಳಿ ಯಾವ ಅಂಕಿ ಎಂದು ಗುರುತಿಸುವ ಒಂದು ಎಲೆಕ್ಟ್ರಾನಿಕ್ ಚಿಪ್ ಹುಬ್ಬಳ್ಳಿಯ ಅಂಗಡಿಯಲ್ಲಿ ಸಿಕ್ಕಿತು. ಫೋನಿನ ತಂತಿಗೆ ಕೈ ಹಚ್ಚುವುದು ತಪ್ಪೆಂದು ಅಪ್ಪ ಮೊದಲೇ ಗದರಿದ್ದ. ಆದ್ದರಿಂದ ಒಂದು ಕಟ್ಟಿಗೆಯ ಪೆಟ್ಟಿಗೆ ಮಾಡಿದೆ. ಕಾಕಾ ರಿಸೀವರ್ ಎತ್ತಿ ಅದರಲ್ಲಿ ಮಲಗಿಸಿದರೆ ಸಾಕು. ಕಿವಿಯ ತುದಿಗೆ ಒಂದು ಸಣ್ಣ ಮೈಕು, ಬಾಯಿಯ ತುದಿಗೆ ರೇಡಿಯೊದ ಸ್ಪೀಕರು, ನಡುವೆ ಸದ್ದು ಬೆರೆಯದಂತೆ ಕಾಕಾನ ಮನೆಯ ಹಳೆಯ ಕೌದಿಯ ತುಂಡು. ನಾಲ್ಕು ಒತ್ತಿದರೆ ಎಡಕ್ಕೆ, ಆರು ಒತ್ತಿದರೆ ಬಲಕ್ಕೆ, ನಡುವಿನ ಐದು ಒತ್ತಿದರೆ ನಿಲ್ಲು. ಆಂಟೆನಾ ಎತ್ತ ಮುಖ ಮಾಡಿದೆಯೆಂದು ಮಲಗಿದವನಿಗೆ ತಿಳಿಯಬೇಕಲ್ಲ, ಅದಕ್ಕೆ ಪೈಪಿಗೆ ಮೊಳೆಗಳನ್ನು ಕಟ್ಟಿ, ಅವು ತಾಗುವಲ್ಲಿ ಎತ್ತಿನ ಕೊರಳಿನ ಒಂದು ಗಂಟೆ ತೂಗಿಬಿಟ್ಟೆ. ಉತ್ತರಕ್ಕೆ ಬಂದರೆ ಒಂದು ಸಲ, ಪೂರ್ವಕ್ಕೆ ಎರಡು, ದಕ್ಷಿಣಕ್ಕೆ ಮೂರು, ಪಶ್ಚಿಮಕ್ಕೆ ನಾಲ್ಕು.

ಮೊದಲ ಆಯ್ತವಾರ ಅಪ್ಪನ ಕೈಗೆ ಫೋನು ಕೊಟ್ಟು ಆರು ಒತ್ತು ಎಂದೆ. ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಮತ್ತೆ ಏನೂ ಇಲ್ಲ. ಒಂದೂವರೆ ತಿಂಗಳ ಕೆಲಸ. ಆಗ ಅಪ್ಪ ಹುಬ್ಬು ಗಂಟು ಹಾಕಿ ಫೋನನ್ನು ಕಿವಿಗೆ ಒತ್ತಿಕೊಂಡ.

"ರಾಗ ಎಲ್ಲೈತಿ? ಇದು ಬರೇ ಕಟಕಟ ಅನ್ನಾಕತ್ತೈತಿ. ನಮ್ಮ ತಾರಿನ ಹಂಗ."

ಎಷ್ಟೋ ವಾರಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಫೋನನ್ನು ಬೋರಲು ಹಾಕಿದರೆ ಅದರ ಹೊಟ್ಟೆಯಲ್ಲಿ ರಾಗವೋ ಕಟಕಟವೋ ಆರಿಸುವ ಒಂದು ಸಣ್ಣ ಗುಂಡಿ ಇರುತ್ತದೆ. ಹಳೆಯ ಎಕ್ಸ್‌ಚೇಂಜಿನ ಕಾಲದಿಂದ ಅದು ಕಟಕಟದ ಕಡೆಗೇ ಇತ್ತು. ಡಿಪ್ಲೊಮಾ ಓದಿದ ನಾನು ಅದನ್ನು ನೋಡಿರಲಿಲ್ಲ. ಅಪ್ಪ ಉಗುರಿನಿಂದ ಗುಂಡಿಯನ್ನು ಈಚೆ ಸರಿಸಿದ, ನನ್ನ ಕಡೆ ಒಮ್ಮೆ ನೋಡಿದ, ಆ ನೋಟದಲ್ಲಿ ಹಳೆಯ ತಾರಿನವನ ಸೊಕ್ಕು ಇತ್ತು, ನನಗೆ ಸಂತೋಷವಾಯಿತು. ಮತ್ತೆ ಆರು ಒತ್ತಿದ.

ನಾನೂ ರಿಸೀವರಿಗೆ ಕಿವಿ ಹಚ್ಚಿದೆ. ಫೋನಿನೊಳಗಿಂದ ಮೋಟಾರಿನ ಗುಂಯ್ ಕೇಳಿತು. ಹಿಂದೆಯೇ ಕಾಕಾನ ಹೆಂಡತಿ, ನಮ್ಮ ಕಾಕು, ಹೊರಗಿಂದ ಓಡಿ ಬಂದು ಹೇಳಿದ ಮಾತು ಸಣ್ಣಗೆ ಕೇಳಿತು: "ತಾನ ತಿರುಗಾಕತ್ತೈತಿ. ಯಾರೂ ಮುಟ್ಟಿಲ್ಲ, ತಾನ ತಿರುಗಾಕತ್ತೈತಿ."

ಇದನ್ನು ಮಾಡಿದವಳು ನಾನೇ. ಒಂದೊಂದು ತಂತಿಯೂ ನನಗೆ ಗೊತ್ತು. ಆದರೂ ನನ್ನ ಮೈಮೇಲೆ ಮುಳ್ಳು ಎದ್ದವು. ಮಾಳಮಡ್ಡಿಯ ಒಂದು ಹಾಸಿಗೆಯಲ್ಲಿ ಒಂದು ಹೆಬ್ಬೆರಳು ಅಲುಗಿದರೆ ಹೆಬ್ಬಳ್ಳಿಯ ಆಕಾಶದಲ್ಲಿ ಒಂದು ಕಬ್ಬಿಣ ಹೊರಳುತ್ತದೆ, ಅದು ಹೊರಳಿದರೆ ಜಗತ್ತಿನ ಬೇರೊಂದು ಮೂಲೆಯ ದನಿ ಈ ಹಾಸಿಗೆಗೆ ಬರುತ್ತದೆ. ಗಂಟೆ ಎರಡು ಸಲ ಬಾರಿಸಿತು, ಪೂರ್ವ; ಯಾವುದೋ ದ್ವೀಪದವರು ಚುರುಕಾಗಿ ಬಡಿಯುತ್ತಿದ್ದರು. ಮೂರು ಸಲ, ದಕ್ಷಿಣ. ಬರೀ ಸಮುದ್ರದ ಮೌನ. ನಾಲ್ಕು ಸಲ ಬಾರಿಸಿ ಪಶ್ಚಿಮಕ್ಕೆ ಬಂದಾಗ ಗುರ್ ಎಂಬ ಗದ್ದಲ ಎದ್ದಿತು. ಅಪ್ಪ ತಲೆ ಎತ್ತಿ, "ಇದು ನಾವ" ಎಂದ. ಹೌದು, ಹೆಬ್ಬಳ್ಳಿಗೆ ಪಡುವಣಕ್ಕೆ ಧಾರವಾಡ. ನಮ್ಮ ಊರಿನ ಮಿಕ್ಸರು, ಟ್ಯೂಬ್‌ಲೈಟು, ವೋಲ್ಟೇಜಿನ ಗದ್ದಲವನ್ನು ನಾವು ಹೆಬ್ಬಳ್ಳಿಯ ಕಿವಿಯಿಂದ ಕೇಳುತ್ತಿದ್ದೆವು. ಅದರಲ್ಲಿ ಅವ್ವ ಒಳಗೆ ಚಟ್ನಿ ತಿರುವುತ್ತಿದ್ದ ಮಿಕ್ಸರೂ ಇತ್ತೋ ಏನೋ.

ಗಂಟೆ ಒಂದೇ ಸಲ ಬಾರಿಸಿತು. ಅಪ್ಪ ಐದು ಒತ್ತಿದ. ಉತ್ತರ.

ಧ್ರುವದ ಮೇಲಿಂದ ಹಾದು ಬರುವ ದನಿಗೆ ಒಂದು ನಡುಕ ಇರುತ್ತದೆ. ಅಲ್ಲಿಯ ಆಕಾಶದ ಬೆಳಕಿನ ಪರದೆಗಳನ್ನು ದಾಟಿ ಬರುವಾಗ ಅದು ಅದುರುತ್ತದೆ, ಚಳಿಯಲ್ಲಿ ನಿಂತು ಮಾತಾಡಿದ ಹಾಗೆ. ಆ ನಡುಗುವ ದನಿ ಒಂದು ತಾಳ ಬಡಿಯುತ್ತಿತ್ತು. ಬಡಿದು, ನಿಂತು, ಒಂದು ನಿಮಿಷ ಕಾದು, ಮತ್ತೆ ಬಡಿಯುತ್ತಿತ್ತು. ನನಗೆ ಮೋರ್ಸ್ ಪೂರ್ತಿ ಬರುವುದಿಲ್ಲ. ಆದರೆ ಆ ತಾಳ ನಮ್ಮ ಮನೆಯ ರೊಟ್ಟಿಯ ತಾಳ. ಅಡಿಗೆಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

ಶನಿವಾರದವರು ಅಪ್ಪನ ಕರೆಹೆಸರು ಹಿಡಿದು ಕರೆಯುತ್ತಿದ್ದರು. ಅಪ್ಪ ಬಿದ್ದದ್ದು ಅವರಿಗೆ ಗೊತ್ತಿಲ್ಲ. ಎಷ್ಟು ಶನಿವಾರದಿಂದ ಹೀಗೆ ಕರೆಯುತ್ತಿದ್ದರೋ ನಮಗೆ ಗೊತ್ತಿಲ್ಲ. ಇಷ್ಟು ದಿನ ನಮ್ಮಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಭೂಮಿಯ ಆ ಬದಿಯಲ್ಲಿ ಒಬ್ಬ ಮುದುಕ, ಅಪ್ಪನೇ ಪರೀಕ್ಷೆ ಬರೆದು ಗಳಿಸಿದ ಹೆಸರಿನಿಂದ, ಅವನನ್ನು ಕರೆದು, ಕಾದು, ಮತ್ತೆ ಕರೆದು ಮಲಗುತ್ತಿದ್ದ. ಅಪ್ಪನ ತೋರುಬೆರಳು ಮಂಚದ ಪಟ್ಟಿಯ ಮೇಲೆ ಉತ್ತರ ಬಡಿಯುತ್ತಿತ್ತು. ಕಟ್ಟಿಗೆ ಬಡಿದರೆ ಯಾರಿಗೆ ಕೇಳಬೇಕು? ಕರೆ ನಿಂತಿತು. ಅಪ್ಪನ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಹೋಯಿತು.

"ಬಡಿತಾನೂ ಫೋನಿನ್ಯಾಗ ಕಳಸೂ ಹಂಗ ಮಾಡ್ತೇನಿ, ಒಂದು ವಾರ ಕೊಡು" ಎಂದೆ.

"ಬ್ಯಾಡ. ಅದಕ್ಕ ಪರವಾನಗಿ ಐತೋ ಇಲ್ಲೋ, ನನಗ ಖಾತ್ರಿ ಇಲ್ಲ. ಈ ಹೆಸರಿಗೆ ನಾ ಕಪ್ಪು ಹಚ್ಚೂದಿಲ್ಲ" ಎಂದ. ಆಮೇಲೆ ದಿಂಬಿನಿಂದ ತಲೆ ಎತ್ತಿ, "ಆ ನಾಲ್ಕು ಕಾಲಿಂದು ಇತ್ತ ತಾ" ಎಂದ.

ಆ ದಿನ ಬಾಗಿಲ ತನಕ ನಡೆದ, ಅವ್ವನನ್ನೂ ನನ್ನನ್ನೂ ಬೈಯುತ್ತ. ಮರುವಾರ ಗೇಟಿನ ತನಕ. ಬೆವರು ಸುರಿಯುತ್ತಿತ್ತು, ತುಟಿ ಕಚ್ಚುತ್ತಿದ್ದ. ಮನೆಯ ಮಾಲಕರು ತಮ್ಮ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿ, "ಇಲ್ಲಿತನಾ ಬಂದ್ರ ಚಹಾ ಕುಡೀಬಹುದ್ರಿ" ಎಂದು ದಿನಕ್ಕೊಂದು ಗೇಣು ಕುರ್ಚಿ ದೂರ ಸರಿಸುತ್ತಿದ್ದರು. ಆಯ್ತವಾರ ಬಂತೆಂದರೆ ಅಪ್ಪ ಆಂಟೆನಾ ಉತ್ತರಕ್ಕೆ ತಿರುಗಿಸಿ ತನ್ನ ಹೆಸರು ಕೇಳುತ್ತಿದ್ದ. ಒಂದು ಆಯ್ತವಾರ ಕರೆ ಬರಲೇ ಇಲ್ಲ. ಎಡಕ್ಕೆ ಬಲಕ್ಕೆ ಕೂದಲೆಳೆಯಷ್ಟು ಸರಿಸಿ ಸರಿಸಿ ನೋಡಿದ. ಬರೀ ಗಾಳಿ. ಶನಿವಾರದವರು ಕರೆದು ಸಾಕಾಗಿ ಬಿಟ್ಟರೋ, ಅವರಿಗೇ ಏನಾದರೂ ಆಯಿತೋ. ಅಪ್ಪ ಅವತ್ತು ಊಟ ಮಾಡಲಿಲ್ಲ. ಆದರೆ ಸಂಜೆ ಎರಡು ಸಲ ನಡೆದ.

ಮುಂದಿನ ಆಯ್ತವಾರ ನಸುಕಿನಲ್ಲಿ ಕಾಕಾ ಟೆಂಪೊ ತಂದ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಾಕರ್ ಹಿಡಿದು, ತಾನೇ ಮೆಟ್ಟಿಲು ಇಳಿದ. ನಾನೂ ಹೊರಟೆ. ಅವನು ತಡೆದ.

"ನೀ ಇಲ್ಲೇ ಇರು. ಹಿಡಿಕಿ ಕಿತ್ತು ಒಗದೀಯಲ್ಲ, ತಿರುಗಸೂರು ಯಾರು?"

ಅಲ್ಲೇ ಒಂದು ಸ್ವಿಚ್ಚು ಕೂಡಿಸುತ್ತೇನೆ, ಹತ್ತು ನಿಮಿಷದ ಕೆಲಸ ಎಂದೆ.

"ಬ್ಯಾಡ. ನೀನ ತಿರುಗಸು. ನಾ ಬಡೀತೇನಿ."

ಅವರು ಹೋದರು. ಏಳಕ್ಕೆ ಹತ್ತು ನಿಮಿಷ ಇರುವಾಗ ನಾನು ಅಪ್ಪನ ಮಂಚದ ಮೇಲೆ ಕುಳಿತು ಹೆಬ್ಬಳ್ಳಿಗೆ ಫೋನು ಹಚ್ಚಿದೆ. ರಿಸೀವರ್ ಪೆಟ್ಟಿಗೆಯಲ್ಲಿ ಮಲಗಿದ ಸದ್ದು. ಕುರ್ಚಿ ಎಳೆದ ಸದ್ದು. ಅಪ್ಪ ನೋವಿಗೆ ಒಮ್ಮೆ ಹಾ ಎಂದು ಕುಳಿತ ಸದ್ದು. ನಾನು ಆರು ಒತ್ತಿದೆ. ಮೋಟಾರು ಗುಂಯ್ ಎಂದಿತು. ಎರಡು, ಮೂರು ಬಾರಿಸಿ ನಾಲ್ಕು ಬಾರಿಸಿತು, ಧಾರವಾಡದ ಗದ್ದಲ ಎದ್ದು ಹಿಂದೆ ಬಿದ್ದಿತು. ಒಂದು ಬಾರಿಸಿತು. ಐದು ಒತ್ತಿದೆ.

ಏಳಾಯಿತು. ಏನೂ ಇಲ್ಲ. ಏಳೂ ಐದಾಯಿತು. ಅವ್ವ ನನ್ನ ಪಕ್ಕದಲ್ಲಿ ಕುಳಿತು ರಿಸೀವರಿಗೆ ತಲೆ ಹಚ್ಚಿದಳು. ಆಗ ಅಪ್ಪ ಕರೆಯುವುದು ಕೇಳಿತು. ಇಷ್ಟು ದಿನ ಕರೆಸಿಕೊಂಡವನು ಈಗ ತಾನೇ ಕರೆಯುತ್ತಿದ್ದ, ಅವರ ಹೆಸರು, ಆಮೇಲೆ ತನ್ನ ಹೆಸರು. ಕೈ ಮೊದಲು ತಡವರಿಸಿತು, ಆಮೇಲೆ ಹಳೆಯ ತಾರಿನ ಕೈಯಾಯಿತು. ನಿಲ್ಲಿಸಿ ಕಾದ. ನಾನು ನಾಲ್ಕನ್ನು ಒಮ್ಮೆ, ಬರೀ ಒಮ್ಮೆ ಮುಟ್ಟಿ, ಐದು ಒತ್ತಿದೆ. ಒಂದು ಕೂದಲೆಳೆ. ಅಪ್ಪ ಮತ್ತೆ ಕರೆದ.

ಆ ಮೌನದೊಳಗಿಂದ, ಚಳಿಯಲ್ಲಿ ನಡುಗುತ್ತ, ರೊಟ್ಟಿಯ ತಾಳ ಬಂತು. ಒಂದು ಸಲ. ಎರಡು ಸಲ. ಮೂರನೆಯ ಸಲ ಲಯ ತಪ್ಪಿ ಅಕ್ಷರಗಳು ಒಂದರ ಮೇಲೊಂದು ಬಿದ್ದವು.

ಹೊಲಕ್ಕೆ ಹೊರಟು ನಿಂತಿದ್ದ ಕಾಕಾ ಕೋಣೆಯೊಳಗೆ ಇಣುಕಿರಬೇಕು. ಅವನ ದನಿ ಪೆಟ್ಟಿಗೆಯ ಮೂಲಕ ನನ್ನ ಕಿವಿಗೆ ಬಂತು.

"ಅಣ್ಣಾ, ಉತ್ತರ ಬಂತೇನು?"

ಕುರ್ಚಿ ಕಿರುಗುಟ್ಟಿತು, ಅಪ್ಪ ಅತ್ತ ಹೊರಳಿರಬೇಕು.

"ಬಂತಪಾ" ಎಂದ. "ಬಂತು."

ನಾನು ಐದರ ಮೇಲಿನ ಹೆಬ್ಬೆರಳನ್ನು ತೆಗೆಯದೆ ಹಾಗೇ ಕುಳಿತಿದ್ದೆ.